ಟ್ಯಾಂಕಿನ ಉಸಿರು ಮತ್ತು ನಿಗ್ರಹದ ಪ್ರಶ್ನೆ

ಭಾರತೀಯ ಧರ್ಮಚಿಂತನೆಯಲ್ಲಿ ನಿಗ್ರಹದಷ್ಟು ಹೊಗಳಿಕೆಗೂ, ಅಷ್ಟೇ ಅನುಮಾನಕ್ಕೂ ಒಳಗಾದ ಗುಣ ಮತ್ತೊಂದಿರಲಾರದು. ಇಂದ್ರಿಯಗಳನ್ನು, ಕೋಪವನ್ನು, ಮಾತನ್ನು ಒಳಗೇ ಹಿಡಿದಿಡಬಲ್ಲವನು ಧೀರನೆಂದು ಪರಂಪರೆ ಸಾರುತ್ತ ಬಂದಿದ್ದರೆ, ಬಲವಂತದಿಂದ ಹಿಡಿದಿಟ್ಟದ್ದು ಎಂದಾದರೊಮ್ಮೆ ಹಿಡಿದವನನ್ನೇ ಸೀಳುತ್ತದೆ ಎಂಬ ಎಚ್ಚರಿಕೆಯನ್ನೂ ಅದೇ ಪರಂಪರೆಯ ಒಳಗಿನವರೇ ಕೊಟ್ಟಿದ್ದಾರೆ. ಕಠೋಪನಿಷತ್ತು ದೇಹವನ್ನು ರಥವೆಂದೂ ಇಂದ್ರಿಯಗಳನ್ನು ಕುದುರೆಗಳೆಂದೂ ಮನಸ್ಸನ್ನು ಕಡಿವಾಣವೆಂದೂ ಬುದ್ಧಿಯನ್ನು ಸಾರಥಿಯೆಂದೂ ಕಲ್ಪಿಸಿದ ಮೇಲೆ ಈ ಚರ್ಚೆ ಬಹುಮಟ್ಟಿಗೆ ಕಡಿವಾಣದ ಪರಿಭಾಷೆಯಲ್ಲೇ ನಡೆದಿದೆ. ಓಡುವುದನ್ನು ತಡೆಯುವ ಕಷ್ಟವನ್ನು ಕಡಿವಾಣ ಚೆನ್ನಾಗಿ ತೋರಿಸುತ್ತದೆ. ಆದರೆ ಹೊರಗೆ ಏನೂ ಕದಲದಿರುವಾಗ ಒಳಗೆ ಕಾವೇರುತ್ತ ಹೋಗುವ ಸ್ಥಿತಿಯನ್ನು ಅದು ತೋರಿಸಲಾರದು. ಆ ಸ್ಥಿತಿಯನ್ನು ಅರಿಯಲು ರಥಕ್ಕಿಂತ ಮೋಟಾರು ವಾಹನವೇ, ಅದರಲ್ಲೂ ಹಳೆಯ ಕಾರಿನ ಪೆಟ್ರೋಲ್ ಟ್ಯಾಂಕೇ ಹೆಚ್ಚು ನೆರವಾಗುತ್ತದೆ ಎಂಬುದು ಈ ಪ್ರಬಂಧದ ನಿಲುವು. ದೃಷ್ಟಾಂತವು ಪ್ರಮಾಣವಾಗದು ಎಂಬುದನ್ನು ನೆನಪಿಟ್ಟುಕೊಂಡೇ ಮುಂದಿನ ವಿಚಾರವನ್ನು ನಡೆಸಬೇಕು.

ಈ ದೃಷ್ಟಾಂತವನ್ನು ಬೆಳೆಸಲು ಆರಿಸಿಕೊಂಡ ಬಿಸಿಲ ಸೀಮೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳು 2021ರಲ್ಲಿ ರೂಪುಗೊಂಡ ವಿಜಯನಗರ ಜಿಲ್ಲೆಗೆ ಸೇರಿವೆ. ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಇಲ್ಲಿ ಅಪರೂಪವೇನಲ್ಲ, ನೆರಳಿಲ್ಲದ ಬಯಲಿನಲ್ಲಿ ನಿಲ್ಲಿಸಿದ ವಾಹನದ ಲೋಹವಂತೂ ಗಾಳಿಗಿಂತ ಹೆಚ್ಚು ಕಾಯುತ್ತದೆ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಸ್ಟ್ಯಾಂಡರ್ಡ್ ಹೆರಾಲ್ಡ್ ಮೊದಲಾದ ಕಾರುಗಳ ಕಾಲ ಮುಗಿದು, ಅಂಬಾಸಿಡರ್ ತಯಾರಿಕೆಯೂ 2014ರಲ್ಲಿ ನಿಂತ ಬಳಿಕ ಇಂಥ ವಾಹನಗಳು ನಿತ್ಯದ ಸಾಧನಗಳೆನಿಸದೆ ಅಕ್ಕರೆಯಿಂದ ಕಾಪಾಡುವ ವಸ್ತುಗಳಾಗಿವೆ. ಧರ್ಮಸ್ಥಳದಂಥ ಕ್ಷೇತ್ರವೇ ತನ್ನ ವಸ್ತುಸಂಗ್ರಹದ ಭಾಗವಾಗಿ ಹಳೆಯ ಕಾರುಗಳನ್ನು ಸಂರಕ್ಷಿಸಿದೆ. ಅವುಗಳನ್ನು ಕಾಪಾಡುವವರು ಮೊದಲು ಕಲಿಯಬೇಕಾದ ಪಾಠಗಳಲ್ಲಿ ಟ್ಯಾಂಕಿನ ಗಾಳಿತೂತಿನ ಪಾಠವೂ ಒಂದು.

ಪೆಟ್ರೋಲು ನೀರಿನಂತೆ ಒಂದೇ ಬಗೆಯ ದ್ರವವಲ್ಲ. ಅದು ನೂರಾರು ಹೈಡ್ರೋಕಾರ್ಬನ್‌ಗಳ ಮಿಶ್ರಣ. ಅವುಗಳಲ್ಲಿ ಹಗುರವಾದವು 35 ಡಿಗ್ರಿಯ ಆಸುಪಾಸಿನಲ್ಲೇ ಕುದಿಯಲು ತೊಡಗಿದರೆ ಭಾರವಾದವು ಸುಮಾರು 200 ಡಿಗ್ರಿಯವರೆಗೆ ತಡೆದು ನಿಲ್ಲುತ್ತವೆ. ದ್ರವದ ಮೇಲ್ಮೈಯಿಂದ ಎದ್ದ ಆವಿ ತನ್ನ ಸುತ್ತಲಿನ ಗೋಡೆಗಳನ್ನು ಒತ್ತುವ ಬಲಕ್ಕೆ ಆವಿಯ ಒತ್ತಡವೆಂದು ಹೆಸರು. ಉಷ್ಣತೆ ಏರಿದಂತೆ ಅದು ಒಂದೇ ಸಮನಾಗಿ ಏರದೆ, ಹೋಗುತ್ತ ಹೋಗುತ್ತ ಹೆಚ್ಚು ಕಡಿದಾಗಿ ಏರುತ್ತದೆ. ಮಾಘ ಮಾಸದ ಮುಂಜಾವಿನಲ್ಲಿ 20 ಡಿಗ್ರಿಯಿದ್ದಾಗ ಟ್ಯಾಂಕೊಂದನ್ನು ಗಾಳಿಯಾಡದಂತೆ ಬಿಗಿದು, ಅದೇ ಟ್ಯಾಂಕು ಮಧ್ಯಾಹ್ನದ ಬಿಸಿಲಿನಲ್ಲಿ 45 ಡಿಗ್ರಿಗೆ ಕಾಯುವವರೆಗೆ ನಿಲ್ಲಿಸಿದರೆ, ಒಳಗಿನ ಗಾಳಿಯ ಹಿಗ್ಗುವಿಕೆಯೂ ಆವಿಯ ಏರಿಕೆಯೂ ಸೇರಿ ಒಳಗಿನ ಒತ್ತಡ ಹೊರಗಿನ ವಾತಾವರಣದ ಒತ್ತಡಕ್ಕಿಂತ ಸುಮಾರು ಅರ್ಧದಷ್ಟು ಹೆಚ್ಚಾಗುತ್ತದೆ. ಚದರ ಸೆಂಟಿಮೀಟರಿಗೆ ಅರ್ಧ ಕಿಲೋಗ್ರಾಮಿನಷ್ಟೇ ಆಗುವ ಈ ಹೆಚ್ಚಳ ಕೇಳಲು ಅಲ್ಪವೆನಿಸಿದರೂ, 30 ಸೆಂಟಿಮೀಟರ್ ಅಗಲ ಮತ್ತು 40 ಸೆಂಟಿಮೀಟರ್ ಉದ್ದದ ಒಂದು ತಗಡಿನ ಮೇಲೆ ಅದು ಹೆಚ್ಚುಕಡಿಮೆ ಆರು ಕ್ವಿಂಟಲ್ ಭಾರ ಹೇರಿದಂತಾಗುತ್ತದೆ. ಪೆಟ್ರೋಲು ತಾನೂ ಹಿಗ್ಗುತ್ತದೆ. 40 ಲೀಟರ್ ಪೆಟ್ರೋಲು 25 ಡಿಗ್ರಿಯಷ್ಟು ಹೆಚ್ಚು ಕಾದಾಗ ಅದರ ಗಾತ್ರ ಸುಮಾರು ಒಂದು ಲೀಟರಿನಷ್ಟು ಬೆಳೆಯುತ್ತದೆ. ನೆಲದಡಿಯ ತೊಟ್ಟಿಯಿಂದ ತಣ್ಣಗೆ ಬಂದ ಪೆಟ್ರೋಲನ್ನು ಬಾಯಿಮಟ್ಟ ತುಂಬಿಸಿ ಬಿಸಿಲಿಗೆ ನಿಲ್ಲಿಸಿದ ಹಳೆಯ ಕಾರು ಪೆಟ್ರೋಲು ಸುರಿಸುವುದು ಈ ಕಾರಣದಿಂದ.

ಇಷ್ಟೊಂದು ಒತ್ತಡಕ್ಕೆ ಹಳೆಯ ಟ್ಯಾಂಕಿನ ಬೆಸುಗೆ ಬಾಯಿಬಿಡಬಹುದು, ತಗಡು ಉಬ್ಬಬಹುದು; ಅದಕ್ಕೂ ಮೊದಲು ಕಾರ್ಬುರೇಟರಿನಲ್ಲಿ ತೊಂದರೆ ಕಾಣಿಸಿಕೊಳ್ಳುತ್ತದೆ. ಕಾರ್ಬುರೇಟರ್ ಎಂದರೆ ಪೆಟ್ರೋಲನ್ನೂ ಗಾಳಿಯನ್ನೂ ಹದವಾಗಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ. ಅದರೊಳಗಿನ ಸಣ್ಣ ತೊಟ್ಟಿಗೆ ಎಷ್ಟು ಪೆಟ್ರೋಲು ಬರಬೇಕೆಂಬುದನ್ನು ಒಂದು ತೇಲುಗುಂಡು ಮತ್ತು ಅದಕ್ಕೆ ತಗುಲಿದ ಸೂಜಿಯಂಥ ಕವಾಟ ನಿರ್ಧರಿಸುತ್ತವೆ, ಆ ಸೂಜಿ ಪಂಪಿನ ಮೆಲುವಾದ ಒತ್ತಡವನ್ನು ತಡೆಯಲೆಂದು ಮಾತ್ರ ರೂಪುಗೊಂಡದ್ದು. ಟ್ಯಾಂಕಿನ ಒತ್ತಡ ಅದನ್ನು ಮೀರಿದಾಗ ಎಂಜಿನ್ ನಿಂತಿದ್ದರೂ ಪೆಟ್ರೋಲು ಒಳನುಗ್ಗಿ ತುಂಬಿ ಹೊರಚೆಲ್ಲುತ್ತದೆ, ಅದು ಚೆಲ್ಲುವ ಜಾಗವೋ ಎಂಜಿನ್ನಿನ ಕಾದ ಮೈ. ತಡೆದಿಟ್ಟದ್ದು ತಡೆದ ಕಡೆಯಲ್ಲೇ ಒಡೆಯುತ್ತದೆಂದು ನಂಬುವುದು ಸುಲಭ. ಆದರೆ ಅದು ಎಲ್ಲಿ ಮೈ ದುರ್ಬಲವೋ ಅಲ್ಲಿ ಹೊರಬೀಳುತ್ತದೆ.

ಗಾಳಿತೂತು ಮುಚ್ಚಿದರೆ ಇದಕ್ಕೆ ತದ್ವಿರುದ್ಧವಾದ ಕೇಡೂ ಉಂಟಾಗುತ್ತದೆ. ಎಂಜಿನ್ ಓಡುವಾಗ ಪಂಪು ಟ್ಯಾಂಕಿನಿಂದ ಪೆಟ್ರೋಲನ್ನು ಎಳೆಯುತ್ತಲೇ ಇರುತ್ತದೆ. ಖಾಲಿಯಾದ ಜಾಗವನ್ನು ತುಂಬಲು ಹೊರಗಿನ ಗಾಳಿ ಒಳಬರದಿದ್ದರೆ ಟ್ಯಾಂಕಿನೊಳಗೆ ಭಾಗಶಃ ನಿರ್ವಾತ ಏರ್ಪಟ್ಟು, ಪಂಪು ಎಷ್ಟು ಎಳೆದರೂ ಪೆಟ್ರೋಲು ಬಾರದ ಘಳಿಗೆಯಲ್ಲಿ ಕಾರು ಗಕ್ಕೆಂದು ನಿಲ್ಲುತ್ತದೆ. ಮೆಕ್ಯಾನಿಕ್ ಮುಚ್ಚಳವನ್ನು ತಿರುಗಿಸಿದ ಕೂಡಲೇ ಉಸ್ಸೆಂದು ಗಾಳಿ ಒಳಸೇರಿ ಕಾರು ಮತ್ತೆ ಓಡತೊಡಗಿದರೆ, ತುಂಬಿದ ಟ್ಯಾಂಕಿದ್ದೂ ಎಂಜಿನ್ ಹಸಿದದ್ದು ಪೆಟ್ರೋಲಿನ ಕೊರತೆಯಿಂದಲ್ಲ, ಗಾಳಿಯ ಕೊರತೆಯಿಂದ ಎಂಬುದು ಖಚಿತವಾಗುತ್ತದೆ. ಸಣ್ಣದೊಂದು ರಂಧ್ರಕ್ಕೆ ಹೀಗೆ ಎರಡು ಕೆಲಸಗಳಿವೆ: ಕಾದಾಗ ಹೊರಬಿಡುವುದು, ಬರಿದಾದಾಗ ಒಳಗೆ ತರುವುದು. ಹಳೆಯ ಕಾರುಗಳಲ್ಲಿ ಅದು ಮುಚ್ಚಳದಲ್ಲೇ ಇರುತ್ತದೆ ಅಥವಾ ಟ್ಯಾಂಕಿನ ಮೇಲಿಂದ ಹೊರಟ ತೆಳುವಾದ ಕೊಳವೆಯ ರೂಪದಲ್ಲಿರುತ್ತದೆ. ತುಕ್ಕು, ಧೂಳು, ಮಣ್ಣಿನ ಗೂಡು ಕಟ್ಟುವ ಕಡಜ ಇವು ಅದರ ಶತ್ರುಗಳು. ಎಲ್ಲಕ್ಕಿಂತ ದೊಡ್ಡ ಶತ್ರು ಮನುಷ್ಯನ ಅಚ್ಚುಕಟ್ಟಿನ ಹಂಬಲ: ಪೆಟ್ರೋಲಿನ ವಾಸನೆ ಬರುತ್ತದೆಂದು ತೂತಿಗೆ ಅಂಟು ಮೆತ್ತುವವರೂ, ತೂತಿಲ್ಲದ ಬೇರೆ ಮುಚ್ಚಳ ತಂದು ಬಿಗಿಯುವವರೂ ತಮ್ಮ ವಾಹನಕ್ಕೆ ಒಳ್ಳೆಯದನ್ನೇ ಮಾಡಿದೆವೆಂದು ನಂಬಿರುತ್ತಾರೆ.

ನಿಗ್ರಹದ ಪ್ರಶ್ನೆಗೆ ಬಂದರೆ, ಈ ನಂಬಿಕೆಯನ್ನು ಭಾರತದ ವೈದ್ಯಶಾಸ್ತ್ರ ಬಹು ಹಿಂದೆಯೇ ಪರೀಕ್ಷಿಸಿತ್ತು. ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯ ವೇಗಗಳನ್ನು, ಎಂದರೆ ದೇಹಮನಸ್ಸುಗಳಲ್ಲಿ ತಾನಾಗಿ ಏಳುವ ಒತ್ತಡಗಳನ್ನು, ಎರಡು ಬಗೆಯಾಗಿ ವಿಂಗಡಿಸುತ್ತದೆ. ಮಲಮೂತ್ರ, ಸೀನು, ತೇಗು, ಆಕಳಿಕೆ, ಹಸಿವು, ಬಾಯಾರಿಕೆ, ಕಣ್ಣೀರು, ನಿದ್ದೆ, ದಣಿವಿನ ಏದುಸಿರು ಮೊದಲಾದ 13 ವೇಗಗಳನ್ನು ತಡೆಯಬಾರದು. ಲೋಭ, ಭಯ, ಕ್ರೋಧ, ಮತ್ಸರ, ಅಹಂಕಾರ ಮುಂತಾದ ಮನಸ್ಸಿನ ವೇಗಗಳನ್ನೂ, ಕಟುನುಡಿ, ಚಾಡಿ, ಸುಳ್ಳು ಎಂಬ ಮಾತಿನ ವೇಗಗಳನ್ನೂ, ಪರರನ್ನು ನೋಯಿಸುವ ಕ್ರಿಯೆಯ ವೇಗಗಳನ್ನೂ ತಡೆಯಲೇಬೇಕು. ಕಣ್ಣೀರು ತಡೆಯಬಾರದ ಪಟ್ಟಿಯಲ್ಲೂ ಕ್ರೋಧ ತಡೆಯಬೇಕಾದ ಪಟ್ಟಿಯಲ್ಲೂ ಇರುವುದು ಇಲ್ಲಿ ಗಮನಾರ್ಹ. ಗಂಡಸಾದವನು ಅಳಬಾರದು, ಆದರೆ ಸಿಟ್ಟಾಗಬಹುದು ಎಂಬ ಲೋಕರೂಢಿ ಚರಕನ ವಿಂಗಡಣೆಯನ್ನು ಸರಿಯಾಗಿ ತಲೆಕೆಳಗು ಮಾಡಿ ಬದುಕುತ್ತಿದೆ. ವಾಗ್ಭಟನ ಅಷ್ಟಾಂಗಹೃದಯವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಎದ್ದ ವೇಗವನ್ನು ತಡೆಯುವುದರಿಂದ ಮಾತ್ರವಲ್ಲದೆ ಏಳದ ವೇಗವನ್ನು ಬಲವಂತವಾಗಿ ಎಬ್ಬಿಸುವುದರಿಂದಲೂ ರೋಗಗಳು ಹುಟ್ಟುತ್ತವೆ ಎನ್ನುತ್ತದೆ. ಪ್ರಾಣಾಯಾಮವನ್ನು ಬೋಧಿಸುವ ಹಠಯೋಗಪ್ರದೀಪಿಕೆಯೂ ಉಸಿರನ್ನು ಕಾಡುಮೃಗವನ್ನು ಪಳಗಿಸುವಂತೆ ಮೆಲ್ಲಮೆಲ್ಲನೆ ಪಳಗಿಸಬೇಕೆಂದೂ, ಅವಸರಪಟ್ಟರೆ ಅದು ಸಾಧಕನನ್ನೇ ಕೊಲ್ಲುತ್ತದೆಂದೂ ಎಚ್ಚರಿಸುತ್ತದೆ.

ಭಗವದ್ಗೀತೆಯಲ್ಲಿ ಈ ಎಚ್ಚರ ಇನ್ನೂ ತೀಕ್ಷ್ಣವಾಗಿದೆ. ಮೂರನೆಯ ಅಧ್ಯಾಯದ ಆರನೆಯ ಶ್ಲೋಕದ ಪ್ರಕಾರ, ಕೈಕಾಲುಗಳನ್ನು ಕಟ್ಟಿಹಾಕಿ ಮನಸ್ಸಿನಲ್ಲಿ ವಿಷಯಗಳನ್ನೇ ಮೆಲುಕು ಹಾಕುತ್ತ ಕುಳಿತವನು ಮಿಥ್ಯಾಚಾರಿ. ಅದೇ ಅಧ್ಯಾಯದ 33ನೆಯ ಶ್ಲೋಕವು ಜೀವಿಗಳೆಲ್ಲ ತಮ್ಮ ಪ್ರಕೃತಿಯನ್ನೇ ಅನುಸರಿಸುವಾಗ ಬರಿಯ ನಿಗ್ರಹ ಏನು ಮಾಡೀತು ಎಂದು ಕೇಳುತ್ತದೆ. ಬಸವಣ್ಣನವರು ಒಂದು ವಚನದಲ್ಲಿ ಇಂದ್ರಿಯಗಳ ಬಲವಂತದ ನಿಗ್ರಹ ದೋಷವನ್ನೇ ತಂದೊಡ್ಡುತ್ತದೆಂದು ಎಚ್ಚರಿಸಿ, ಸಂಸಾರದಲ್ಲಿದ್ದೇ ಶಿವನನ್ನು ಮೆಚ್ಚಿಸಿದ ಸಿರಿಯಾಳ ಮತ್ತು ಚಂಗಳೆ ದಂಪತಿಗಳತ್ತ ಬೆರಳು ತೋರುತ್ತಾರೆ. ಈ ಸೀಮೆಯ ಧಾರ್ಮಿಕ ಬದುಕಿಗೆ ಈ ಮಾತು ತೀರ ಹತ್ತಿರದ್ದು. ಪಂಚಗಣಾಧೀಶ್ವರರಲ್ಲಿ ಒಬ್ಬರೆಂದು ಪೂಜೆಗೊಳ್ಳುವ ಕೊಟ್ಟೂರಿನ ಗುರು ಕೊಟ್ಟೂರೇಶ್ವರರ ತೇರಿಗೆ ದೂರದೂರುಗಳಿಂದ ಕಾಲ್ನಡಿಗೆಯಲ್ಲಿ ಬಂದು ಸೇರುವ ಭಕ್ತರಲ್ಲಿ ಹೆಚ್ಚಿನವರು ಸಂಸಾರಿಗಳು, ಉಳುವವರು, ಕೂಲಿ ಮಾಡುವವರು. ಅವರ ಶರಣಧರ್ಮ ಬದುಕಿಗೆ ಬಾಗಿಲು ಮುಚ್ಚಿ ನಡೆಸಿದ್ದಲ್ಲ.

ಇಷ್ಟಕ್ಕೇ ನಿಂತರೆ ಪ್ರಬಂಧವು ಇಂದಿನ ಒಂದು ಸುಲಭವಾದ ಬೋಧನೆಗೆ ಸಾಕ್ಷಿ ಹೇಳಿದಂತಾಗುತ್ತದೆ. ಮನಸ್ಸಿನಲ್ಲಿದ್ದುದನ್ನೆಲ್ಲ ಹೊರಹಾಕಿಬಿಡಿ, ಸಿಟ್ಟನ್ನು ಕಕ್ಕಿಬಿಡಿ, ಹಗುರಾಗುತ್ತೀರಿ ಎಂಬುದು ಆ ಬೋಧನೆ. 1895ರಲ್ಲಿ ವಿಯೆನ್ನಾದ ವೈದ್ಯರಾದ ಬ್ರಾಯರ್ ಮತ್ತು ಫ್ರಾಯ್ಡ್ ಪ್ರಕಟಿಸಿದ ಹಿಸ್ಟೀರಿಯಾ ಕುರಿತ ಗ್ರಂಥ, ಅದುಮಿಟ್ಟ ಭಾವಗಳನ್ನು ಹೊರಗೆಡಹುವುದರಿಂದ ರೋಗಿ ಗುಣಹೊಂದುತ್ತಾನೆಂಬ ವಿಚಾರಕ್ಕೆ ಹೊಸ ಕಾಲದಲ್ಲಿ ಬಲ ಕೊಟ್ಟಿತು. ಆದರೆ 2002ರಲ್ಲಿ ಅಮೆರಿಕದ ಮನೋವಿಜ್ಞಾನಿ ಬ್ರಾಡ್ ಬುಶ್‌ಮನ್ ಪ್ರಕಟಿಸಿದ ಪ್ರಯೋಗದಲ್ಲಿ, ತಮ್ಮನ್ನು ಕೆರಳಿಸಿದವರನ್ನು ನೆನೆಯುತ್ತ ಗುದ್ದುಚೀಲಕ್ಕೆ ಗುದ್ದಿದವರು ಸುಮ್ಮನೆ ಕುಳಿತವರಿಗಿಂತ ಹೆಚ್ಚು ಸಿಟ್ಟಿನಿಂದಲೂ ಆಕ್ರಮಣಶೀಲತೆಯಿಂದಲೂ ವರ್ತಿಸಿದರು. ಎಬ್ಬಿಸಿದ ವೇಗವೂ ರೋಗಕಾರಕ ಎಂಬ ವಾಗ್ಭಟನ ಮಾತಿಗೆ ಈ ಫಲಿತಾಂಶ ಸಮೀಪವಾಗಿ ನಿಲ್ಲುತ್ತದೆ.

ಹಳೆಯ ಟ್ಯಾಂಕಿನ ತೆರೆದ ತೂತಿನಲ್ಲೂ ಒಂದು ದೋಷವಿದೆ. ಅದು ಟ್ಯಾಂಕನ್ನು ಉಳಿಸಿತು, ಆದರೆ ಹೊರಬಿಟ್ಟ ಆವಿ ಎಲ್ಲಿಗೆ ಹೋಗುತ್ತದೆಂದು ಕೇಳಲಿಲ್ಲ. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದ್ದರಿಂದ ಮೇಲೇರಿ ಚದುರದೆ ನೆಲದುದ್ದಕ್ಕೂ ಹರಡಿ ತಗ್ಗಿನಲ್ಲಿ ಮಡುಗಟ್ಟುತ್ತದೆ. ಅದರಲ್ಲಿ ಕ್ಯಾನ್ಸರ್ ತರಬಲ್ಲ ಬೆಂಜೀನ್ ಇರುತ್ತದೆ. ನಗರಗಳಲ್ಲಿ ಅದು ಬಿಸಿಲಿನೊಡನೆ ಸೇರಿ ಉಸಿರಿಗೆ ಹಾನಿಕರವಾದ ಓಝೋನ್ ಹುಟ್ಟುವುದಕ್ಕೂ ಕಾರಣವಾಗುತ್ತದೆ. ಒಡೆಯನ ಟ್ಯಾಂಕು ಹಗುರಾದದ್ದು ಬೀದಿಯವರ ಎದೆಗೂಡಿನ ವೆಚ್ಚದಲ್ಲಿ. ಸಿಟ್ಟನ್ನು ಕಕ್ಕಿ ಹಗುರಾದ ಯಜಮಾನನ ಮನೆಯಲ್ಲಿ ಆ ಸಿಟ್ಟನ್ನು ಉಸಿರಾಡಿದವರು ಹೆಂಡತಿ ಮತ್ತು ಮಕ್ಕಳು ಎಂಬುದನ್ನು ಯಾವ ಧರ್ಮಚಿಂತನೆಯೂ ಮರೆಯಬಾರದು.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1970ರ ಮಾದರಿಯ ಕಾರುಗಳಿಗೂ ಮರುವರ್ಷ ಆ ದೇಶದ ಉಳಿದ ಭಾಗಕ್ಕೂ ಕಡ್ಡಾಯವಾದ ಆವಿನಿಯಂತ್ರಣ ವ್ಯವಸ್ಥೆ ಮುಚ್ಚುವುದೋ ತೆರೆದಿಡುವುದೋ ಎಂಬ ಪ್ರಶ್ನೆಗೆ ಮೂರನೆಯ ಉತ್ತರ ಕೊಟ್ಟಿತು. ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ನಿಯಮಗಳ ಪೆಟ್ರೋಲ್ ಕಾರುಗಳಲ್ಲೂ ಅದೇ ತತ್ವ ಕೆಲಸ ಮಾಡುತ್ತಿದೆ. ಈ ವ್ಯವಸ್ಥೆಯಲ್ಲಿ ಟ್ಯಾಂಕಿನ ಆವಿ ನೇರವಾಗಿ ಹೊರಗೆ ಹೋಗದೆ ಇದ್ದಿಲು ತುಂಬಿದ ಡಬ್ಬಿಯೊಂದನ್ನು ಹೊಗುತ್ತದೆ. ಆ ಇದ್ದಿಲು ವಿಶೇಷವಾಗಿ ಸಂಸ್ಕರಿಸಿದ್ದು. ಕಣ್ಣಿಗೆ ಕಾಣದ ರಂಧ್ರಗಳಿಂದಾಗಿ ಅದರ ಒಂದೇ ಗ್ರಾಮಿನ ಒಳಮೈ ನೂರಾರು ಚದರ ಮೀಟರುಗಳಷ್ಟು ವಿಶಾಲವಾಗಿರುತ್ತದೆ, ಆವಿಯ ಕಣಗಳು ಆ ಮೈಗೆ ಅಂಟಿ ಕೂರುತ್ತವೆ. ಎಂಜಿನ್ ಓಡತೊಡಗಿದ ಮೇಲೆ ಅದರ ಎಳೆತಕ್ಕೆ ಹೊರಗಿನ ಶುದ್ಧ ಗಾಳಿ ಇದ್ದಿಲಿನ ಮೂಲಕ ಹಾಯ್ದು, ಅಂಟಿದ್ದ ಆವಿಯನ್ನು ಬಿಡಿಸಿಕೊಂಡು ಎಂಜಿನ್ನಿಗೆ ಒಯ್ಯುತ್ತದೆ, ಅಲ್ಲಿ ಅದು ಉರಿದು ಚಕ್ರ ತಿರುಗಿಸುವ ಬಲವಾಗುತ್ತದೆ. ಒತ್ತಡವೂ ಉಳಿಯಲಿಲ್ಲ, ವಿಷವೂ ಹರಡಲಿಲ್ಲ, ವಸ್ತುವೂ ವ್ಯರ್ಥವಾಗಲಿಲ್ಲ.

ಶರಣರ ಅರ್ಪಿತದ ಕಲ್ಪನೆಯನ್ನು ಇಲ್ಲಿ ನೆನೆಯದಿರಲು ಸಾಧ್ಯವಿಲ್ಲ. ಷಟ್‌ಸ್ಥಲ ಎಂದರೆ ಭಕ್ತನಿಂದ ಐಕ್ಯದವರೆಗೆ ಸಾಧಕನು ಏರುವ ಆರು ನೆಲೆಗಳು. ಅವುಗಳಲ್ಲಿ ಮೂರನೆಯದಾದ ಪ್ರಸಾದಿಸ್ಥಲದಲ್ಲಿ, ಇಂದ್ರಿಯಗಳ ಮೂಲಕ ಬರುವ ರೂಪ, ರುಚಿ, ಗಂಧ, ಸ್ಪರ್ಶ, ಶಬ್ದಗಳೆಲ್ಲವನ್ನೂ ಮೊದಲು ಲಿಂಗಕ್ಕೆ ಅರ್ಪಿಸಿ ಬಳಿಕ ಪ್ರಸಾದವಾಗಿ ಸ್ವೀಕರಿಸಬೇಕೆಂಬ ವಿಧಿಯಿದೆ. ಇಂದ್ರಿಯವನ್ನು ಕೊಲ್ಲುವ ತಪಸ್ಸಾಗಲಿ, ಇಂದ್ರಿಯ ಕರೆದತ್ತ ಓಡುವ ಭೋಗವಾಗಲಿ ಇಲ್ಲಿ ಇಲ್ಲ. ಬಂದ ವೇಗವನ್ನು ಒಂದು ಕ್ಷಣ ತಡೆದು ನಿಲ್ಲಿಸಿ, ಅದು ತನ್ನದಲ್ಲವೆಂದು ಅರಿತು, ತನಗಿಂತ ಹಿರಿದಾದುದಕ್ಕೆ ಒಪ್ಪಿಸಿ, ಮರಳಿ ಕಾಯಕಕ್ಕೆ ಹಚ್ಚುವ ಈ ಕ್ರಮ ನಿಗ್ರಹಕ್ಕಿಂತಲೂ ಬಿಡುಗಡೆಗಿಂತಲೂ ಕಷ್ಟವಾದದ್ದು, ಮತ್ತು ಎರಡಕ್ಕಿಂತಲೂ ನಿಜವಾದದ್ದು.

ಇದೇ ತತ್ವ ರಾಜಕೀಯದಲ್ಲಿ ಪ್ರಯೋಗವಾದದ್ದಕ್ಕೆ ಕೂಡ್ಲಿಗಿಯಲ್ಲೇ ಒಂದು ಕುರುಹಿದೆ. ಮಹಾತ್ಮ ಗಾಂಧಿಯವರ ಚಿತಾಭಸ್ಮವನ್ನು ಇರಿಸಿದ ಸ್ಮಾರಕವುಳ್ಳ ಊರು ಅದು. ಕಾಪಿಟ್ಟ ಉಷ್ಣ ಶಕ್ತಿಯಾಗಿ ಬದಲಾಗುವಂತೆ ಹತೋಟಿಯಲ್ಲಿಟ್ಟ ಕೋಪವೂ ಲೋಕವನ್ನು ಕದಲಿಸುವ ಬಲವಾಗಬಲ್ಲದು ಎಂಬ ಅರ್ಥದ ಮಾತನ್ನು ಗಾಂಧಿಯವರು 1920ರಲ್ಲಿ ‘ಯಂಗ್ ಇಂಡಿಯಾ’ ಪತ್ರಿಕೆಯಲ್ಲಿ ಬರೆದರು. 1922ರ ಫೆಬ್ರವರಿಯಲ್ಲಿ ಚೌರಿಚೌರಾದಲ್ಲಿ ಕೋಪವು ಬೆಂಕಿಯಾಗಿ ಪೊಲೀಸರನ್ನು ಸುಟ್ಟಾಗ, ಇಡೀ ಅಸಹಕಾರ ಚಳವಳಿಯನ್ನೇ ನಿಲ್ಲಿಸಿ ಆ ಮಾತಿಗೆ ಬೆಲೆ ತೆತ್ತರು. ಸತ್ಯಾಗ್ರಹವು ಕೋಪವಿಲ್ಲದವರ ಮಾರ್ಗವಲ್ಲ. ಕೋಪವನ್ನು ಉಪ್ಪಿನ ಹಿಡಿಯಾಗಿ, ನೂಲಿನ ಎಳೆಯಾಗಿ, ನಡಿಗೆಯಾಗಿ ಬದಲಿಸಿದವರ ಮಾರ್ಗ.

ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯ ಹೊತ್ತಿಗೆ ನಡೆಯುವ ಕಾರ್ಣಿಕವನ್ನೂ, ಎಂದರೆ ಭವಿಷ್ಯ ನುಡಿಯುವ ಆಚರಣೆಯನ್ನೂ, ಈ ಬೆಳಕಿನಲ್ಲಿ ನೋಡಬಹುದು. ಉಪವಾಸದ ವ್ರತ ಹಿಡಿದ ಗೊರವಯ್ಯ ಡೆಂಕನಮರಡಿಯಲ್ಲಿ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗಿದೊಡನೆ ಲಕ್ಷಾಂತರ ಜನರ ಗದ್ದಲ ಅಡಗುತ್ತದೆ, ಆ ಮೌನದಲ್ಲಿ ಒಂದೇ ಒಂದು ನುಡಿ ಹೊರಬೀಳುತ್ತದೆ, ನುಡಿದವನು ಮೇಲಿಂದ ಕೆಳಕ್ಕೆ ಬೀಳುತ್ತಾನೆ, ಜನ ಅವನನ್ನು ಹಿಡಿದುಕೊಳ್ಳುತ್ತಾರೆ. ಮಳೆ, ಬೆಳೆ, ರಾಜ್ಯಭಾರಗಳ ಬಗೆಗಿನ ಜನರ ಆತಂಕಗಳೆಲ್ಲ ಆ ನುಡಿಯ ಅರ್ಥವನ್ನು ವರ್ಷವಿಡೀ ಬಿಡಿಸುವುದರಲ್ಲಿ ಮಾತಾಗುತ್ತವೆ. ಭವಿಷ್ಯವಾಣಿಯ ಸತ್ಯಾಸತ್ಯವನ್ನು ಬದಿಗಿಟ್ಟರೂ, ದೀರ್ಘವಾದ ತಡೆಯ ಬಳಿಕ ಅಳತೆಯಿರುವ ಒಂದು ತೆರಪನ್ನು ಸಮುದಾಯವೇ ಕಟ್ಟಿಕೊಂಡಿರುವುದು, ಮತ್ತು ಬೀಳುವವನನ್ನು ಹಿಡಿಯಲು ಕೈಗಳನ್ನೂ ಸಿದ್ಧವಾಗಿಟ್ಟಿರುವುದು ಇಲ್ಲಿ ಸ್ಪಷ್ಟ.

ದೃಷ್ಟಾಂತದ ಮಿತಿಯನ್ನು ಈಗ ಹೇಳಬೇಕು. ಟ್ಯಾಂಕಿನಲ್ಲಿರುವ ಪೆಟ್ರೋಲಿಗೆ ಒಂದು ಗೊತ್ತಾದ ಅಳತೆಯಿದೆ, ಮನಸ್ಸಿನ ಕೋಪಕ್ಕೆ ಇಲ್ಲ. ಅದು ಹೊರಚೆಲ್ಲಿದಷ್ಟೂ ಕಡಿಮೆಯಾಗದೆ ಹೊಸದಾಗಿ ಹುಟ್ಟುತ್ತಲೂ ಇರಬಹುದು, ಯಾರೂ ಮುಟ್ಟದೆ ತಾನಾಗಿ ಇಂಗಲೂಬಹುದು. ಟ್ಯಾಂಕಿಗೆ ಅರ್ಪಣೆಯ ಅರಿವಿಲ್ಲ, ಮನುಷ್ಯನಿಗೆ ಇದೆ. ಆದರೆ ಒಂದು ವಿಷಯದಲ್ಲಿ ದೃಷ್ಟಾಂತ ಉಪದೇಶಕರಿಗಿಂತ ಪ್ರಾಮಾಣಿಕವಾಗಿದೆ: ಟ್ಯಾಂಕಿನ ಒತ್ತಡಕ್ಕೆ ಮೂಲ ಕಾರಣ ಹೊರಗಿನ ಬಿಸಿಲು. ಸಹನೆಯ ಉಪದೇಶ ಬಹಳ ಬಾರಿ ಬಿಸಿಲಿನಲ್ಲಿ ನಿಂತವರಿಗೆ, ಬಿಸಿಲಿಗೆ ಕಾರಣರಾದವರಿಂದಲೇ ಬಂದಿದೆ. ಈ ತಾಲ್ಲೂಕುಗಳಲ್ಲಿ ದಲಿತ ಕುಟುಂಬಗಳ ಹೆಣ್ಣುಮಕ್ಕಳನ್ನು ದೇವರ ಹೆಸರಿನಲ್ಲಿ ಬಿಡುವ ಪದ್ಧತಿ ಬಹುಕಾಲ ಇತ್ತು. 1982ರ ಕರ್ನಾಟಕ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆ ಅದನ್ನು ಅಪರಾಧವೆಂದು ಸಾರಬೇಕಾಯಿತು. ಅರ್ಪಿಸುವ ಅಧಿಕಾರ ಯಾರಿಗಾದರೂ ತನ್ನದರ ಮೇಲೆ ಮಾತ್ರ ಇದೆ, ಇನ್ನೊಬ್ಬರ ಬಾಳಿನ ಮೇಲೆ ಇಲ್ಲ. ಆ ಹೆಣ್ಣುಮಕ್ಕಳಿಗೆ ತಾಳ್ಮೆಯನ್ನು ಬೋಧಿಸಿದ್ದು ಧರ್ಮವಲ್ಲ, ಕಾದ ಟ್ಯಾಂಕಿನ ತೂತಿಗೆ ಅಂಟು ಮೆತ್ತಿದ ಕೆಲಸ. ನೊಂದವರ ಮಾತಿಗೆ ತೆರಪು ಬಿಡುವುದು, ಅದಕ್ಕಿಂತ ಮೊದಲು ಅವರನ್ನು ಬಿಸಿಲಿನಿಂದ ನೆರಳಿಗೆ ತರುವುದು, ನಿಗ್ರಹದ ಬಗ್ಗೆ ಮಾತಾಡುವ ಪ್ರತಿಯೊಬ್ಬರ ಮೊದಲ ಹೊಣೆ.

ಹಳೆಯ ವಾಹನವನ್ನು ಮನೆಯಲ್ಲಿಟ್ಟುಕೊಂಡು ಮಹಾನವಮಿಯ ಆಯುಧಪೂಜೆಯಲ್ಲಿ ಅದಕ್ಕೆ ಕುಂಕುಮ, ಹೂವು ಏರಿಸುವವರಲ್ಲಿ ಒಂದು ಬಿನ್ನಹ ಉಳಿದಿದೆ. ಪೂಜೆಗೆ ಮುನ್ನ ಟ್ಯಾಂಕಿನ ಮುಚ್ಚಳದ ತೂತು ತೆರೆದಿದೆಯೇ, ಮುಚ್ಚಳ ಆ ವಾಹನಕ್ಕೆ ತಕ್ಕದ್ದೇ, ರಬ್ಬರ್ ಕೊಳವೆಗಳು ಎಥೆನಾಲ್ ಬೆರೆತ ಇಂದಿನ ಪೆಟ್ರೋಲಿಗೆ ಬಿರುಕು ಬಿಟ್ಟಿಲ್ಲವೇ ಎಂಬುದನ್ನು ಮೆಕ್ಯಾನಿಕ್‌ನಿಂದ ಪರೀಕ್ಷಿಸಿಕೊಳ್ಳಬೇಕು. ಟ್ಯಾಂಕನ್ನು ಬಾಯಿಮಟ್ಟ ತುಂಬಿಸಬಾರದು. ಬಿಸಿಲಿನಿಂದ ಬಂದ ವಾಹನದ ಮುಚ್ಚಳವನ್ನು ಒಮ್ಮೆಗೇ ಕಳಚದೆ ನಿಧಾನವಾಗಿ ಸಡಿಲಿಸಬೇಕು. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಆವಿ ನೆಲದ ಮೇಲೆಯೇ ನಿಂತಿರುವುದರಿಂದ ವಾಹನವನ್ನು ಬಯಲಿಗೆ ತಂದು, ದೀಪವನ್ನೂ ಊದುಬತ್ತಿಯನ್ನೂ ಕರ್ಪೂರದ ಆರತಿಯನ್ನೂ ಟ್ಯಾಂಕಿನಿಂದ ದೂರದಲ್ಲಿ ಬೆಳಗಬೇಕು.